ಪದ್ಮಾವತಿಯ ದಿನ ನಿಂತಾಗ

ಜವಳಗೇರಾದಲ್ಲಿ ಬಸುರಿ ಮಗಳ ಕುಬಸದ ದಿನ, ಅಂಗಳ ತುಂಬ ಹೆಂಗಸರು ಕೂತಿರುವಾಗ, ಬಸ್ಸಮ್ಮ ತಡೆದುಕೊಳ್ಳಲಾರದೆ ಹೇಳಿಯೇಬಿಟ್ಟಳು.

“ನಮ್ಮ ಸೊಸಿಗೂ ದಿನ ನಿಂತಾವ. ಎರಡು ತಿಂಗಳ ಮ್ಯಾಲಾತು. ಆಕಿಗೂ ಉಡಿ ತುಂಬ್ರಿ.”

“ಅತ್ತಿ, ಈಗ ಬ್ಯಾಡ್ರಿ,” ಎಂದು ಪದ್ಮಾವತಿ ಅತ್ತೆಯ ಸೆರಗು ಜಗ್ಗಿದಳು. ಬಸ್ಸಮ್ಮ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಯಾರೋ ಪದ್ಮಾವತಿಯನ್ನು ಎಳೆದು ತುಂಬು ಬಸುರಿ ನಾದಿನಿಯ ಪಕ್ಕದಲ್ಲಿ ಕೂರಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಮಡಿಲಿಗೆ ಬಿದ್ದವು. ಹಿಂದೆ ಇಂಥ ಮನೆಗಳಲ್ಲಿ ಮಕ್ಕಳಿಲ್ಲದವಳೆಂದು ಅವಳನ್ನು ಒಲೆಯ ಮುಂದೆ ಕೂರಿಸಿ ಹೋಳಿಗೆ ಬೇಯಿಸಲು ಬಿಡುತ್ತಿದ್ದರು. ಆ ದಿನ ಎಲ್ಲರೂ ಅವಳ ಮುಖ ನೋಡಿ ಮಾತಾಡಿದರು. ಅವಳು ತಲೆ ತಗ್ಗಿಸಿ ಮಡಿಲಿನ ಅಕ್ಕಿ ನೋಡುತ್ತಿದ್ದಳು. ಆ ವಾರವೇ ಬಚ್ಚಲುಮನೆಯಲ್ಲಿ ನಿಂತು ಬಸಿರಿನ ಪರೀಕ್ಷೆ ಮಾಡಿಕೊಂಡಿದ್ದಳು. ಕಡ್ಡಿಯ ಮೇಲೆ ಒಂದೇ ಗೆರೆ ಮೂಡಿತ್ತು.

ದಿನ ನಿಲ್ಲುವುದು ಪದ್ಮಾವತಿಗೆ ಹೊಸದಲ್ಲ. ದೊಡ್ಡವಳಾದಾಗಿನಿಂದ ಮುಟ್ಟು ತನ್ನ ಮನಸ್ಸಿಗೆ ಬಂದಾಗ ಬರುತ್ತಿತ್ತು; ಒಮ್ಮೆ ಒಂದೂವರೆ ತಿಂಗಳಿಗೆ, ಇನ್ನೊಮ್ಮೆ ಮೂರು ತಿಂಗಳಾದರೂ ಸುದ್ದಿಯಿಲ್ಲ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದಿದ್ದಳು ತವರಿನ ಅವ್ವ. ಮದುವೆಯಾಗಿ ಆರು ವರ್ಷವಾಗಿತ್ತು. ಪದ್ಮಾವತಿ ಲಿಂಗಸುಗೂರು ಡಿಪೋದ ಕಂಡಕ್ಟರ್. ಸಿಂಧನೂರು ರೂಟಿನ ಬಸ್ಸು. ಗಂಡ ಲಕ್ಷ್ಮಣ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದೊಳಗಿನ ಕೆಲಸಕ್ಕೆ ಇಳಿಯುವವನು. ಬಸ್ಸಮ್ಮನೂ ಸೇರಿ ಮೂವರೂ ಅಲ್ಲಿನ ಕಂಪನಿ ಕ್ವಾರ್ಟರ್ಸಿನಲ್ಲಿದ್ದರು.

ಸಿಂಧನೂರಿನ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿ ಹಿಂದೆಯೇ ತಿಳಿಸಿ ಹೇಳಿದ್ದರು: ಇದಕ್ಕೆ ಪಿಸಿಓಡಿ ಅನ್ನುತ್ತಾರೆ, ಹಾರ್ಮೋನಿನ ಏರುಪೇರು, ತತ್ತಿ ಹೊತ್ತಿಗೆ ಸರಿಯಾಗಿ ಬಲಿಯುವುದಿಲ್ಲ, ಗದ್ದದ ಮೇಲೆ ಬರುವ ಒರಟು ಕೂದಲು, ಏರುವ ಮೈತೂಕ ಎಲ್ಲ ಅದರದೇ. “ಹೆದರಬ್ಯಾಡ್ರಿ, ಔಷಧ ಅದಾವ. ಆದ್ರ ನಿಮ್ಮ ಮನಿಯವರದೂ ಒಂದ್ಸಲ ತಪಾಸಣಿ ಆಗ್ಬೇಕು.”

ಆ ಮಾತು ಹೇಳಿದಾಗ ಲಕ್ಷ್ಮಣ ಸಿಡುಕಿದ್ದ. “ನನಗೇನಾಗೈತಿ? ಕೊರತಿ ನಿನ್ನ ಕಡೆ ಐತಂತ ಡಾಕ್ಟ್ರ ಹೇಳ್ಯಾರಲ್ಲ.” ಕೆಟ್ಟವನಲ್ಲ ಅವನು. ಅವಳಿಗೆ ಮುಂಜಾನೆ ಡ್ಯೂಟಿ ಇದ್ದರೆ ತಾನೇ ಎದ್ದು ಚಹಾ ಕಾಯಿಸಿ ಕೊಡುತ್ತಿದ್ದ. ಈ ಮಾತೊಂದು ಬಂದರೆ ಮಾತ್ರ ಹೆಲ್ಮೆಟ್ ತೆಗೆದುಕೊಂಡು ಹೊರಟುಬಿಡುತ್ತಿದ್ದ. ಅವಳು ಡಾಕ್ಟರಮ್ಮ ಕೊಟ್ಟ ಗುಳಿಗೆ ನುಂಗಿ ನೋಡಿದ್ದಳು. ಬಸ್ಸಿನಲ್ಲಿ ವಾಂತಿ ಬರತೊಡಗಿದ್ದರಿಂದ ಬಿಟ್ಟಿದ್ದಳು.

ಕುಬಸದ ನಂತರ ಬಸ್ಸಮ್ಮ ಸೊಸೆಗೆ ಕೊಡ ಎತ್ತಗೊಡಲಿಲ್ಲ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಮುಂದಿಟ್ಟು, ತಿನ್ನುವ ತನಕ ಎದುರಿಗೇ ಕೂಡುತ್ತಿದ್ದಳು. ಇವತ್ತು ಹೇಳಿಬಿಡಬೇಕೆಂದು ಪದ್ಮಾವತಿ ದಿನಾ ಅಂದುಕೊಳ್ಳುತ್ತಿದ್ದಳು. ಗಂಡನಿಗೆ ಮಾತ್ರ ಹೇಳಿದಳು.

“ಆ ಕಡ್ಡಿ ಸುಳ್ಳು ತೋರಿಸಿರಬೇಕು ಬಿಡು. ಇನ್ನೊಂದು ವಾರ ನೋಡೂನು,” ಎಂದ ಲಕ್ಷ್ಮಣ. ಅವನ ಕಣ್ಣಿನಲ್ಲಿದ್ದ ಆಸೆ ನೋಡಿ ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಒಂದು ಸೋಮವಾರ ಬಸ್ಸು ಸಿಂಧನೂರಿನಿಂದ ಲಿಂಗಸುಗೂರಿಗೆ ಹೊಳ್ಳಿ ಬರುತ್ತಿತ್ತು. ಮಸ್ಕಿಯಲ್ಲಿ ಹೆಂಗಸರು ಗುಂಪಾಗಿ ಹತ್ತಿದರು. ಆಧಾರ್ ಕಾರ್ಡು ನೋಡಿ ನೋಡಿ ಚೀಟಿ ಹರಿದುಕೊಡುತ್ತಿದ್ದ ಪದ್ಮಾವತಿಗೆ ಕಿಬ್ಬೊಟ್ಟೆಯೊಳಗೆ ಯಾರೋ ಹಗ್ಗ ತಿರುವಿದಂತಾಯಿತು. ಕಂಬ ಹಿಡಿದು ನಿಂತಳು. ತೊಡೆಗುಂಟ ಬಿಸಿಯಾಗಿ ಇಳಿಯಿತು. ಒಮ್ಮೆ ಇಳಿದದ್ದು ನಿಲ್ಲಲೇ ಇಲ್ಲ. ಚೀಲದಲ್ಲಿದ್ದ ಬಟ್ಟೆಗೆ ಆಗುವ ಮಾತಾಗಿರಲಿಲ್ಲ ಅದು. ಖಾಕಿ ಚೂಡಿದಾರ ಕಪ್ಪಗೆ ತೊಯ್ಯತೊಡಗಿತು.

ಕುಬಸಕ್ಕೆ ಬಂದಿದ್ದ ಹೆಂಗಸೊಬ್ಬಳು ಅದೇ ಬಸ್ಸಿನಲ್ಲಿದ್ದಳು. “ಅಯ್ಯೋ ಯವ್ವಾ, ಈಕಿ ಬಸಿರು ಹೋತು!” ಎಂದು ಕೂಗಿಬಿಟ್ಟಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ಡ್ರೈವರ್ ಬಂದೇಸಾಬ ಗಾಡಿ ನಿಲ್ಲಿಸಿ ಬಂದ. ತನ್ನ ಸೀಟಿನ ಮೇಲೆ ಹಾಸಿದ್ದ ದೊಡ್ಡ ಟವೆಲ್ಲನ್ನು ಮುಖ ಆಚೆ ಮಾಡಿ ಚಾಚಿದ. “ಸುತ್ತಿಗೋ ತಂಗಿ. ಕುಂದ್ರು. ಸೀದಾ ದವಾಖಾನಿಗೆ ಬಿಡ್ತೀನಿ.”

ಆ ಹೆಂಗಸು ಇನ್ನೂ ಗೋಳಾಡುತ್ತಿದ್ದಳು. ಎಷ್ಟು ತಿಂಗಳದ್ದು, ಭಾರ ಎತ್ತಿದಳೇನು ಎಂದು ಅಕ್ಕಪಕ್ಕದವರು ಕೇಳತೊಡಗಿದರು. ಪದ್ಮಾವತಿಗೆ ಸಿಟ್ಟೋ ಸಂಕಟವೋ ತಿಳಿಯಲಿಲ್ಲ; ದನಿ ತಾನಾಗಿ ಎದ್ದಿತು.

“ಬಸಿರಲ್ರೀ ಇದು! ಬಸಿರು ಇರಲೇ ಇಲ್ಲ. ನನಗ ಮುಟ್ಟು ತಡಾ ಆಗತೈತಿ, ಬಂದ್ರ ಹಿಂಗ ಬರತೈತಿ. ಅಷ್ಟ.”

ಸಂತೆಕಲ್ಲೂರು ಬಂದಾಗ ಬಂದೇಸಾಬ ಬಸ್ಸಿನ ವೇಗ ಇಳಿಸಿದ. ಅಲ್ಲಿ ಇಳಿಯಬೇಕಾದ ಮುದುಕಿ, “ನಿಲ್ಲಿಸಬ್ಯಾಡಪಾ, ನಡಿ. ನಾವು ಆಮ್ಯಾಲೆ ಹೊಳ್ಳಿ ಬರ್ತೀವಿ,” ಎಂದಳು.

ಲಿಂಗಸುಗೂರಿನ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ತಿಂಗಳುಗಟ್ಟಲೆ ದಪ್ಪಗಾದ ಗರ್ಭಕೋಶದ ಒಳಪದರ ಒಮ್ಮೆಲೇ ಕಳಚಿದೆ, ರಕ್ತ ಕಡಿಮೆಯಾಗಿದೆ, ಗರ್ಭ ಇರಲೇ ಇಲ್ಲ ಎಂದರು. ಬಸ್ಸಮ್ಮ ಓಡಿ ಬಂದಳು. ವಿಷಯ ತಿಳಿದದ್ದೇ ಅವಳ ಮುಖ ಬಿಗಿಯಿತು.

“ಜವಳಗೇರಾ ತುಂಬ ಹೇಳಿ ಬಂದೀನಿ. ಗೊತ್ತಿದ್ದೂ ಬಾಯಿ ಮುಚ್ಚಿಗೊಂಡು ಕುಂತಿದ್ದೇನು?”

“ಅಲ್ಲೇ ತಡದಿದ್ದೆ ಅತ್ತಿ. ಆಮ್ಯಾಲೆ...” ಎಂದಳು ಪದ್ಮಾವತಿ. “ನೀವು ಅಷ್ಟು ಅಂತಃಕರಣದಿಂದ ಮಾತಾಡಾಕತ್ತಿದ್ರಿ. ಅದನ್ನ ಕಳಕೊಳ್ಳಾಕ ಮನಸಾಗಲಿಲ್ಲ.”

“ಹಂಗಾರ ಲಕ್ಷ್ಮಣಗ ಇನ್ನೊಂದು ಹೆಣ್ಣು ನೋಡೋದ ಸೈ,” ಎಂದಳು ಬಸ್ಸಮ್ಮ.

ಶಿಫ್ಟು ಮುಗಿಸಿ ಸ್ನಾನವನ್ನೂ ಮಾಡದೆ ಬಂದಿದ್ದ ಲಕ್ಷ್ಮಣ ಬಾಗಿಲಲ್ಲಿ ನಿಂತು ಇದನ್ನು ಕೇಳಿದ. ಹೆಂಡತಿಯ ಬಿಳಿಚಿದ ಮುಖ ನೋಡಿ ಒಳಗೆ ಬಂದ.

“ಯವ್ವಾ, ನನ್ನ ತಪಾಸಣಿ ಇನ್ನೂ ಆಗಿಲ್ಲ. ಕೊರತಿ ನನ್ನ ಕಡೆ ಇದ್ರ, ಈಕಿಗೆ ಇನ್ನೊಂದು ಗಂಡು ನೋಡ್ತೀಯೇನು?”

ಬಸ್ಸಮ್ಮ ಅಲ್ಲಿಂದಲೇ ಮಗಳ ಮನೆಗೆ ಹೊರಟುಹೋಗಿ ಅಲ್ಲೇ ಉಳಿದಳು.

ಲಕ್ಷ್ಮಣ ಪದ್ಮಾವತಿಯ ಜತೆ ಸಿಂಧನೂರಿಗೆ ಹೋಗಿ ತಪಾಸಣೆ ಮಾಡಿಸಿದ. ಅವನಲ್ಲೂ ಸ್ವಲ್ಪ ಕೊರತೆಯಿತ್ತು. ಗುಟ್ಕಾ ಬಿಡಬೇಕು, ಔಷಧ ತೆಗೆದುಕೊಳ್ಳಬೇಕು ಎಂದರು ಡಾಕ್ಟರಮ್ಮ. ಹೊಳ್ಳಿ ಬರುವಾಗ ಬಸ್ಸು ಮಸ್ಕಿ ದಾಟಿತು. ಅವನು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: “ಇಷ್ಟು ವರ್ಷ ತಪ್ಪೆಲ್ಲ ನಿನ್ನ ಒಬ್ಬಾಕಿ ಮ್ಯಾಲೆ ಹಾಕಿದೆ.”

ಈ ಸಲ ಗುಳಿಗೆಯನ್ನು ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸಿದರು. ವಾಂತಿ ಹತೋಟಿಗೆ ಬಂತು. ತತ್ತಿ ಬಲಿಯಲು ಬೇರೆ ಗುಳಿಗೆ, ಅದು ಬಲಿತಿದೆಯೇ ನೋಡಲು ಮೇಲಿಂದ ಮೇಲೆ ಸ್ಕ್ಯಾನಿಂಗ್. ಇಬ್ಬರೂ ಕೂಡಬೇಕೆಂದು ಡಾಕ್ಟರಮ್ಮ ಹೇಳಿದ ದಿನಕ್ಕೂ ಗಣಿಯ ಪಾಳಿಗೂ ಹೊಂದುತ್ತಿರಲಿಲ್ಲ. ಜತೆಯ ಕೆಲಸಗಾರ ಶಾವಲಿಯ ಕೈಕಾಲು ಹಿಡಿದು ಲಕ್ಷ್ಮಣ ಪಾಳಿ ಬದಲಿಸಿಕೊಳ್ಳುತ್ತಿದ್ದ. ಕಾರಣ ಹೇಳಲಾಗದೆ ದಿನಕ್ಕೊಂದು ಸುಳ್ಳು ಹುಟ್ಟಿಸುತ್ತಿದ್ದ. ಗಂಡಹೆಂಡಿರ ಸಲಿಗೆಯೂ ಡ್ಯೂಟಿಯಂತಾಗಿ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಯಿತು. ಮೊದಲ ತಿಂಗಳು ಆಗಲಿಲ್ಲ. ಎರಡನೆಯದೂ ಆಗಲಿಲ್ಲ. ಮೂರನೆಯ ಸಲ ಮುಟ್ಟಾದಾಗ ಪದ್ಮಾವತಿ ಗುಳಿಗೆಯ ಡಬ್ಬಿಯನ್ನು ಗೋಡೆಗೆ ಬೀಸಿ ಒಗೆದಳು. ಲಕ್ಷ್ಮಣ ಮಂಚದಡಿ ಉರುಳಿದ ಗುಳಿಗೆಗಳನ್ನು ಆರಿಸಿ, “ಸಾಕಂದ್ರ ಸಾಕು. ನೀ ಹೇಳಿದಂಗ,” ಎಂದ.

“ಇನ್ನೊಂದು ಸಲ,” ಎಂದಳು ಅವಳು.

ಮುಂದಿನ ತಿಂಗಳು ದಿನ ನಿಂತಿತು. ಕಡ್ಡಿಯ ಮೇಲೆ ಎರಡು ಗೆರೆ ಮೂಡಿದರೂ ಅವಳು ನಂಬಲಿಲ್ಲ. ಹಾಕಿಕೊಂಡ ಬಟ್ಟೆಯನ್ನು ಗಳಿಗೆಗೊಮ್ಮೆ ನೋಡಿಕೊಳ್ಳುವಳು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಹೊಟ್ಟೆ ಹಿಡಿದುಕೊಳ್ಳುವಳು.

ಸ್ಕ್ಯಾನಿಂಗ್ ದಿನ ಲಕ್ಷ್ಮಣನಿಗೆ ರಜೆ ಸಿಗಲಿಲ್ಲ. ಪದ್ಮಾವತಿ ಒಬ್ಬಳೇ ದವಾಖಾನೆಯ ಮಂಚದ ಮೇಲೆ ಮಲಗಿ ಮೇಲಿನ ಫ್ಯಾನು ನೋಡುತ್ತಿದ್ದಳು. ಡಾಕ್ಟರಮ್ಮ ಒತ್ತಿ ಒತ್ತಿ ನೋಡುತ್ತಿದ್ದರು. ಕಡೆಗೆ ಪರದೆಯನ್ನು ಅವಳ ಕಡೆ ತಿರುಗಿಸಿದರು.

“ಇಲ್ಲಿ ನೋಡವ್ವ, ಮಿಣಮಿಣ ಅನ್ನಾಕತ್ತೈತಲ್ಲ? ಇನ್ನೂ ಹುಷಾರಿರಬೇಕು. ಆದ್ರ ಚಲೋ ಐತಿ.”

ಹೊರಗೆ ಬಂದು ಫೋನು ಹಚ್ಚಿದಳು. ನೆಲದೊಳಗೆ ಇಳಿದವನಿಗೆ ಫೋನು ಎಲ್ಲಿಂದ ಸಿಗಬೇಕು? ಬಸ್ಸು ಹತ್ತಿ ಹಟ್ಟಿಗೆ ಬಂದು ಗಣಿಯ ಗೇಟಿನ ಎದುರು ಬೇವಿನ ಮರದಡಿ ನಿಂತಳು. ಸೈರನ್ ಆಯಿತು. ಗುಂಪಿನಲ್ಲಿ ಬರುತ್ತಿದ್ದ ಲಕ್ಷ್ಮಣ ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ. ಅವಳು ಎಂದೂ ಗೇಟಿಗೆ ಬಂದವಳಲ್ಲ. ಮೆಲ್ಲಗೆ ಹತ್ತಿರ ಬಂದ.

“ಹೋತೇನು?”

“ಎದಿ ಬಡಿಯಾಕತ್ತೈತ್ರಿ.”

“ಯಾಕ, ಏನಾತು ನಿನಗ?”

“ನಂದಲ್ರೀ. ಅದರದು.”

ಲಕ್ಷ್ಮಣ ಹೆಲ್ಮೆಟ್ ತೆಗೆದು ಮರದ ಬುಡದಲ್ಲಿ ಕೂತ. “ಅವ್ವಗ ಹೇಳೂನೇನು?” ಎಂದು ಕೇಳಿದ.

“ಸ್ವಲ್ಪ ತಡೀರಿ,” ಎಂದಳು ಪದ್ಮಾವತಿ. “ಮೊದಲ ನಾನು ನಂಬಬೇಕು.”