ಗುಡದಪ್ಪನ ಪುಕ್ಕಟೆ ಕೈಕೆಲಸ

ಬ್ಯಾಡಗಿಯಲ್ಲಿ ನಳ ಸೋರಿದರೆ ಜನ ಕರೆಯುತ್ತಿದ್ದದ್ದು ಗುಡದಪ್ಪನನ್ನು. ಅವನ ಬಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಸಾಮಾನಿನ ರೊಕ್ಕ ಅಷ್ಟ ತಗೋತಾನ, ಕೈಕೆಲಸ ಪುಕ್ಕಟೆ." ಹತ್ತೊಂಬತ್ತು ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಓಣಿ ಓಣಿ ತಿರುಗಿದ ಈ ಮನುಷ್ಯ ಕೂಲಿ ಕೇಳಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ಒಂದು ಎಮ್ಮೆ, ಇಷ್ಟನ್ನೂ ಅವನು ಗಾಳಿ ತಿನ್ನಿಸಿ ಸಾಕುತ್ತಿದ್ದಾನೆ ಎಂದು ಊರವರು ತಿಳಿದಿದ್ದರೋ ಏನೋ!

ಗುಟ್ಟು ಸಾಮಾನಿನಲ್ಲೇ ಇತ್ತು. ಎರಡು ರೂಪಾಯಿಯ ವಾಷರಿಗೆ ಹತ್ತು, ಅರವತ್ತೆರಡರ ನಳಕ್ಕೆ ನೂರಾ ಹತ್ತು. ನೀರಿನ ಟ್ಯಾಂಕಿಗೆ ಮಾತ್ರ ಅವನು ಹೆಚ್ಚಿಗೆ ಹಾಕುತ್ತಿರಲಿಲ್ಲ. ಟ್ಯಾಂಕಿನ ದರವನ್ನು ಜನ ನಾಲ್ಕು ಅಂಗಡಿಯಲ್ಲಿ ವಿಚಾರಿಸಿಕೊಂಡೇ ಬಂದಿರುತ್ತಾರೆ. ವಾಷರಿನ ದರ ಕೇಳಲು ಯಾರು ಚಪ್ಪಲಿ ಮೆಟ್ಟುತ್ತಾರೆ?

ಮೊದಲು ಹೀಗಿರಲಿಲ್ಲ. ಕಸುಬಿಗೆ ಇಳಿದ ವರ್ಷ ಮೋಟೆಬೆನ್ನೂರಿನ ಒಂದು ಮನೆಯಲ್ಲಿ ನೆಟ್ಟಗೆ "ಕೂಲಿ ಹತ್ತು ರೂಪಾಯಿ" ಎಂದಿದ್ದ. "ಎರಡು ಸುತ್ತು ತಿರುವಿದ್ದಕ್ಕ ಹತ್ತು ರೂಪಾಯೇನೋ?" ಎಂದು ಮನೆಯ ಯಜಮಾನರು ಎರಡು ರೂಪಾಯಿ ಕೈಗಿಟ್ಟು, ಚಹಾ ಕುಡಿಸಿ ಕಳಿಸಿದರು. ವಾರ ಕಳೆದು ಅದೇ ಮನೆಗೆ ಹೊಸ ನಳ ಬೇಕಾಯಿತು. ಗುಡದಪ್ಪ ಆ ಹತ್ತನ್ನು ನಳದ ದರದಲ್ಲೇ ಸೇರಿಸಿ ಹೇಳಿದ. ಅದೇ ಯಜಮಾನರು ಚಕಾರ ಎತ್ತದೆ ಎಣಿಸಿ ಕೊಟ್ಟರು. ಅಂದಿನಿಂದ ಅವನು ಕೂಲಿ ಎಂಬ ಮಾತನ್ನೇ ಬಿಟ್ಟುಬಿಟ್ಟ.

ಗುಟ್ಟು ಹೊರಬಿದ್ದದ್ದು ೨೦೦೬ರಲ್ಲಿ, ಮೆಣಸಿನಕಾಯಿ ದಲಾಲರ ಹೆಂಡತಿ ದ್ರಾಕ್ಷಾಯಿಣಿಯಿಂದ. ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ರಾಣೆಬೆನ್ನೂರಿಗೆ ಹೋದವಳು, ಹಿಂದಿನ ತಿಂಗಳು ಗುಡದಪ್ಪ ನೂರಾ ಹತ್ತಕ್ಕೆ ಹಾಕಿಕೊಟ್ಟಿದ್ದಂಥದ್ದೇ ನಳವನ್ನು ಅಂಗಡಿಯಲ್ಲಿ ಅರವತ್ತೆರಡಕ್ಕೆ ಕಂಡಳು. ಒಂದನ್ನು ಕೊಂಡಳು, ಚೀಟಿ ಬರೆಸಿಕೊಂಡಳು, ಊರಿಗೆ ಬಂದವಳೇ ಗುಡದಪ್ಪನಿಗೆ ಹೇಳಿ ಕಳಿಸಿದಳು.

"ಹಿತ್ತಲ ನಳಾನೂ ಸೋರಾಕತ್ತೈತಿ, ಗುಡದಪ್ಪಣ್ಣ. ಸಾಮಾನು ನಾನ ತಂದೇನಿ. ಇದನ್ನ ಹಾಕ್ರಿ."

ನಳದ ಜೊತೆಗೇ ಚೀಟಿಯನ್ನೂ ಇಟ್ಟಿದ್ದಳು. ಅರವತ್ತೆರಡು ಎಂಬುದನ್ನು ಓದಿದ ಗುಡದಪ್ಪನಿಗೆ ಗುಟ್ಟು ಬಯಲಾಯಿತೆಂದು ತಿಳಿಯಿತು. ಆ ಓಣಿಯ ಹದಿನಾಲ್ಕು ಮನೆಗಳಿಂದಲೇ ಅವನ ಅರ್ಧ ಸಂಸಾರ ನಡೆಯುತ್ತಿತ್ತು. ಇವಳು ಕಟ್ಟೆಗೆ ಬಂದು ಕಳ್ಳ ಎಂದು ಒಮ್ಮೆ ಅಂದರೆ ಸಾಕು, ಸಂಜೆಯೊಳಗೆ ಹದಿನಾಲ್ಕೂ ಬಾಗಿಲು ಮುಚ್ಚುತ್ತವೆ. ನಾನೇನು ಕಳ್ಳನೇ ಎಂದು ಅವನಿಗೆ ಸಂಕಟವೂ ಆಯಿತು, ಸಿಟ್ಟೂ ಬಂತು.

ಬಗ್ಗಿ ಕೆಲಸ ಹಿಡಿದ. ಹಳೆಯ ನಳ ಬಿಚ್ಚಿ, ಪೈಪಿನ ಬಾಯಲ್ಲಿ ಕಟ್ಟಿದ್ದ ತುಕ್ಕನ್ನು ಕೆರೆದು ತೆಗೆದು, ನೂಲು ಸುತ್ತಿ, ಹೊಸದನ್ನು ಕೂರಿಸಿ ಹೆಗಲ ಟವೆಲ್ಲಿನಿಂದ ಒರೆಸಿದ. ಒಂದು ಹನಿಯೂ ಸೋರಲಿಲ್ಲ.

"ಎಷ್ಟು ಕೊಡ್ಲಿ?" ಎಂದಳು ದ್ರಾಕ್ಷಾಯಿಣಿ.

ನಿಮ್ಮ ಮನಸ್ಸಿಗೆ ಬಂದಷ್ಟು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದರೆ ಮತ್ತೆ ಎರಡು ರೂಪಾಯಿ, ಒಂದು ಚಹಾ. ಅದನ್ನು ನುಂಗಿಕೊಂಡ.

"ಕೂಲಿ ನಲವತ್ತೆಂಟ್ರಿ."

ದಲಾಲರ ಮನೆಯವಳಿಗೆ ಲೆಕ್ಕಕ್ಕೆ ಬೆರಳು ಬೇಕಿರಲಿಲ್ಲ. "ಅರವತ್ತೆರಡು, ನಲವತ್ತೆಂಟು... ಅಲ್ಲಿಗೆ ನೂರಾ ಹತ್ತ ಆತಲ್ಲ! ಮೊದಲ ಬಾಯಿಬಿಟ್ಟು ಹೇಳಾಕ ಏನಾಗಿತ್ತು? ನಮ್ಮ ಯಜಮಾನ್ರು ದಲಾಲಿ ಮುಚ್ಚಿಟ್ಟು ತಗೋತಾರೇನು?"

"ಹೇಳಿ ನೋಡೇನ್ರಿ ಅಕ್ಕಾರ. ಅವರು ದಲಾಲಿ ಅಂದ್ರ ಜನ ಕೊಡ್ತಾರ. ನಾನು ಕೂಲಿ ಅಂದ್ರ ಚಹಾ ಕುಡಿಸಿ ಕಳಿಸ್ತಾರ."

ದ್ರಾಕ್ಷಾಯಿಣಿ ಉತ್ತರ ಕೊಡುವ ಮೊದಲೇ ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯ ಮುದುಕಿ ಪ್ರೇಮವ್ವ ತಲೆ ಎತ್ತಿದಳು. "ಏನಂದ್ಯೋ ಗುಡದಪ್ಪ, ಕೂಲಿನಾ? ನಮ್ಮ ಬಚ್ಚಲ ನಳ ಬದಲಿ ಮಾಡೂದೈತಿ. ನನಗೆಷ್ಟು ಹೇಳಪಾ?"

ಗುಡದಪ್ಪ ದ್ರಾಕ್ಷಾಯಿಣಿಯ ಕೈಯಲ್ಲಿದ್ದ ಚೀಟಿ ನೋಡಿದ. ಇನ್ನು ಮುಚ್ಚಿಡುವ ಮನಸ್ಸು ಅವನಿಗೂ ಇರಲಿಲ್ಲ. "ನಳಕ್ಕ ಅರವತ್ತೆರಡು, ಎವ್ವಾ. ನನ್ನ ಕೈಗೆ ನಲವತ್ತೆಂಟು."

"ಕೈಗೆ ನಲವತ್ತೆಂಟಾ!" ಪ್ರೇಮವ್ವ ಗಲ್ಲದ ಮೇಲೆ ಬೆರಳಿಟ್ಟಳು. "ಭಾಳಾತು ಬಿಡು. ಕೂಲಿಗೀಲಿ ಎಲ್ಲಾ ನನಗ ಬ್ಯಾಡ. ಮೊದಲಿನಂಗ ನೂರಾ ಹತ್ತಕ್ಕ ಹಾಕಿಕೊಡು."

ದ್ರಾಕ್ಷಾಯಿಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಲವತ್ತೆಂಟು ರೂಪಾಯಿ ಎಣಿಸಿ ಅವನ ಕೈಗಿಟ್ಟಳು. "ತಗೋರಿ ಅಣ್ಣ, ಇದು ನಿಮ್ಮ ಕೈಕೆಲಸದ್ದು."

ಗುಡದಪ್ಪ ಚೀಲದಿಂದ ಒಂದು ನಳ ತೆಗೆದು ಪ್ರೇಮವ್ವನ ಬಚ್ಚಲಿಗೆ ನಡೆದ.

ಸಂಜೆ ಮನೆಗೆ ಬಂದು ಪ್ರೇಮವ್ವನ ನೂರಾ ಹತ್ತನ್ನು ಎಂದಿನಂತೆ ಹೆಂಡತಿ ಮಂಗಳವ್ವನ ಮುಂದೆ ಇಟ್ಟ. ಇನ್ನೊಂದು ಮುಷ್ಟಿ ಮಾತ್ರ ಬಿಚ್ಚಲಿಲ್ಲ.

"ಅದೇನದು?" ಎಂದಳು ಮಂಗಳವ್ವ.

"ನಲವತ್ತೆಂಟು ರೂಪಾಯಿ. ಇದು ನಳದ ರೊಕ್ಕ ಅಲ್ಲ, ನನ್ನ ಕೈಕೆಲಸದ್ದು. ಕೂಲಿ ಅಂತ ಬಾಯಿಬಿಟ್ಟು ಕೇಳಿ ಇಸ್ಕೊಂಡೇನಿ."

ಮಂಗಳವ್ವ ಅವನ ಮುಷ್ಟಿ ಬಿಡಿಸಿದಳು. ರೊಕ್ಕ ನೋಡಲಿಲ್ಲ. ನಳ ತಿರುವುವ ಪಾನಾ ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈಯನ್ನು ನೋಡಿದಳು.

"ಬರೇ ನಲವತ್ತೆಂಟಾ?" ಎಂದಳು. "ಇಂಥಾ ಕೈಗೆ?"