ಮಂಡಿಯೂರುವ ನರ್ಸಮ್ಮ

ಮಸಾಕಾ ಕಡೆಯ ಹಳ್ಳಿಯಿಂದ ಬಂದ ಮೊದಲ ವರ್ಷದ ನರ್ಸಿಂಗ್ ಹುಡುಗಿ ನಸ್ಸೋಲೊ ಹಿರಿಯರನ್ನು ಕಂಡರೆ ಸಾಕು, ಮಂಡಿಯೂರಿಬಿಡುತ್ತಾಳೆ. ಅವ್ವ ಕಲಿಸಿದ ನಮಸ್ಕಾರವೇ ಅದು. ವಾರ್ಡಿನಲ್ಲಿ ಇಪ್ಪತ್ತು ಮಂಚ, ಇಪ್ಪತ್ತು ಮುದುಕಿಯರು. ಒಬ್ಬೊಬ್ಬರ ಮುಂದೂ ಮಂಡಿಯೂರಿ, ಬಾಳೆತೋಟ, ಮೊಮ್ಮಕ್ಕಳು, ಮೇಕೆಗಳ ಕ್ಷೇಮ ವಿಚಾರಿಸಿ, ನೆಲ ಮುಟ್ಟಿದ ಕೈಯನ್ನು ಮತ್ತೆ ತೊಳೆದು ಬರುವಷ್ಟರಲ್ಲಿ, ಬೆಳಗ್ಗೆಯೇ ಜ್ವರ ನೋಡಿಸಿಕೊಳ್ಳಬೇಕಾದವರು ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಬಾಳೆಕಾಯಿಯ ಮಟೋಕೆ ಉಂಡು ತೇಗುತ್ತಿರುತ್ತಾರೆ. ಬಿಳಿ ಸಮವಸ್ತ್ರದ ಮಂಡಿಯ ಮೇಲೆ ಸದಾ ಎರಡು ಕೊಳೆಯ ಚಂದ್ರ. "ಇದು ಆಸ್ಪತ್ರೆ ಕಣೇ, ಮದುವೆಮನೆ ಅಲ್ಲ. ಇನ್ನೊಂದ್ಸಲ ನೆಲಕ್ಕೆ ಬಿದ್ರೆ ಪರೀಕ್ಷೇಲೂ ಬಿದ್ದೆ ಅಂತ್ಲೇ ತಿಳ್ಕೊ," ಎಂದು ಪಾಠ ಹೇಳುವ ಸಿಸ್ಟರ್ ಅಕೆಲ್ಲೊ ಗುಡುಗುತ್ತಾರೆ. "ಆಯ್ತು ಸಿಸ್ಟರ್," ಎನ್ನುತ್ತಾಳೆ ಅವಳು, ಮಂಡಿಯೂರಿಕೊಂಡೇ. ಪರೀಕ್ಷೆಯ ದಿನವೂ ಅದೇ ಕತೆ. ಮೇಲೇಳಲಾರದ ಮುದುಕಿಯೊಬ್ಬಳ ಹಾಸಿಗೆಯ ಬಟ್ಟೆ ಬದಲಿಸಬೇಕಿತ್ತು. ಹುಡುಗಿ ಮೊದಲು ಅವಳ ಕಾಲ ಬಳಿ ಮಂಡಿಯೂರಿದಳು. ಸಿಸ್ಟರ್ ಸೊನ್ನೆ ಸುತ್ತಲು ಪೆನ್ನು ತೆಗೆದರು. "ಸಿಸ್ಟರ್, ಅಜ್ಜಿ ಹಿಮ್ಮಡಿ ಕೆಳಗಡೆ ಹುಣ್ಣಾಗ್ತಿದೆ. ನಿಂತ್ರೆ ಕಾಣಲ್ಲ, ಬಗ್ಗಬೇಕು." ಒಂದು ವಾರದಿಂದ ಡಾಕ್ಟರೂ ಸಿಸ್ಟರೂ ಅಲ್ಲಿ ನಿಂತೇ ನೋಡಿ ಹೋಗಿದ್ದರು. ಸಿಸ್ಟರ್ ಪೆನ್ನು ಜೇಬಿಗಿಟ್ಟು ಹುಡುಗಿಯ ಪಕ್ಕದಲ್ಲೇ ಮಂಡಿಯೂರಿದರು. ಮುದುಕಿ ಇಬ್ಬರ ತಲೆಯನ್ನೂ ನೋಡಿ ನಕ್ಕಳು: "ಇನ್ನು ಆ ಡಾಕ್ಟ್ರೊಬ್ಬ ಬಾಕಿ."