ಅಪ್ಪನ ಪೇಟಿಯ ಎರಡು ಪಾಲು

ಕನ್ನಡ ನಾಡು ಒಂದಾಯಿತೆಂದು ರೋಣದ ಸಾಲಿಯಲ್ಲಿ ಪೇಢೆ ಹಂಚಿದ ವರ್ಷವೇ ನಮ್ಮ ಮನೆ ಎರಡಾಯಿತು. ಅಪ್ಪ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಣ್ಣನಿಗೂ ನನಗೂ ಯಾಕೆ ಕೂಡಿ ಬರಲಿಲ್ಲ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ. ಬಾವಿಯ ಹಗ್ಗ, ಎತ್ತಿನ ಮೇವು, ಯಾರ ಹೆಂಡತಿ ಯಾರಿಗೆ ಏನಂದಳು, ಇಂಥವೇ. ದೊಡ್ಡ ಕಾರಣವೊಂದು ಇದ್ದಿದ್ದರೆ ಹೇಳಿಕೊಳ್ಳಲು ಮರ್ಯಾದೆಯಾದರೂ ಇರುತ್ತಿತ್ತು.

ಹಿಸೆ ಮಾಡುವಾಗ ನಮ್ಮ ಕಡೆ ಒಂದು ರೂಢಿಯಿದೆ. ಹಿರಿಯವನು ಎರಡು ಪಾಲು ಮಾಡಬೇಕು, ಕಿರಿಯವನು ತನಗೆ ಬೇಕಾದದ್ದನ್ನು ಆರಿಸಿಕೊಳ್ಳಬೇಕು. ಪಂಚರು ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಾರೆ. ಹೊಲ, ಎತ್ತು, ಹಿತ್ತಾಳೆಯ ಕೊಡ, ಬೀಸುವ ಕಲ್ಲು, ಎಲ್ಲವೂ ಮಧ್ಯಾಹ್ನದ ಊಟದೊಳಗೆ ಮುಗಿದವು. ಉಳಿದದ್ದು ಅಪ್ಪನ ಪೇಟಿ ಮತ್ತು ಅವ್ವ.

ಅವ್ವನದು ಸುಲಭವಾಯಿತು. ಅಣ್ಣ ರೋಣದ ಪೇಟೆಯಲ್ಲಿ ಒಂದು ಅಂಗಡಿಯ ಗುಮಾಸ್ತನಾಗಿದ್ದ, ಅಲ್ಲಿಯೇ ಸಂಸಾರ ಹೂಡುವವನಿದ್ದ. ನಾನು ನಮ್ಮೂರು ಅಬ್ಬಿಗೇರಿಯ ಮನೆಯಲ್ಲಿ ಉಳಿಯುವವನು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅವ್ವ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಿಂಗಳು ಇರಬೇಕೆಂದು ಪಂಚರು ಪಾಳಿ ಹಚ್ಚಿದರು. ಅವಳನ್ನು ಯಾರೂ ಕೇಳಲಿಲ್ಲ. ಕಗ್ಗಂಟಾದದ್ದು ಪೇಟಿ.

ಪೇಟಿ ಅಂದರೆ ಹಾರ್ಮೋನಿಯಂ. ಅಪ್ಪ ಸೋಮವಾರ ಊರ ಭಜನೆಗೆ ಅದನ್ನು ನುಡಿಸುತ್ತಿದ್ದ. ಉಳಿದ ದಿನ ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ನುಡಿಸುತ್ತಿದ್ದ, ಅವ್ವ ಹಾಡುತ್ತಿದ್ದಳು. ಹೊರಗಿನವರ ಮುಂದೆ ಅವಳು ಎಂದೂ ಬಾಯಿ ತೆರೆದವಳಲ್ಲ. ಮದುವೆಯಾಗಿ ಬಂದಾಗಿನಿಂದ ಆ ಒಂದೇ ಪೇಟಿಯ ಷಡ್ಜಕ್ಕೆ ಕೊರಳು ಹಚ್ಚಿ ಹಾಡಿದ್ದಳು, ಬೇರೆ ಶ್ರುತಿ ಅವಳಿಗೆ ಗೊತ್ತೇ ಇರಲಿಲ್ಲ. ಅಪ್ಪ ಹೋದ ಮೇಲೂ ಅಣ್ಣನೋ ನಾನೋ ನುಡಿಸಿದರೆ ಹಾಡುತ್ತಿದ್ದಳು. ಹಾಗಾಗಿ ಪೇಟಿ ಯಾರ ಮನೆಗೆ ಹೋಗುತ್ತದೆಯೋ ಅವ್ವನ ಹಾಡೂ ಅವರ ಮನೆಗೇ. ಅಣ್ಣನಿಗೆ ಬೇಕಾದದ್ದೂ ಅದೇ, ನನಗೆ ಬೇಕಾದದ್ದೂ ಅದೇ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಅಂದಳು: “ಅದನ್ನ ಒಡೀಬ್ಯಾಡ್ರೋ. ಯಾರರ ಒಬ್ಬಾಂವ ಇಟ್ಕೋರಿ. ನಾ ಅಲ್ಲೇ ಬಂದು ಹಾಡತೀನಿ.”

“ನೀವು ಸುಮ್ಮನ ಇರ್ರಿ ತಾಯಿ,” ಅಂದರು ಪಂಚರಲ್ಲಿ ಹಿರಿಯರು. “ನಾಳೆ ಮತ್ತ ಇದ ಜಗಳಕ್ಕ ಮೂಲ ಆಗಬಾರದು.”

ಅದು ಜೋಡಿ ಸ್ವರದ ಪೇಟಿ. ಬೆರಳು ಒತ್ತುವ ಒಂದೊಂದು ಪಟ್ಟಿಯ ಕೆಳಗೂ ಹಿತ್ತಾಳೆಯ ಎರಡು ತೆಳು ನಾಲಿಗೆಗಳು. ಪೇಟಿಯವರು ಅವಕ್ಕೆ ಸ್ವರ ಎಂದೇ ಅನ್ನುತ್ತಾರೆ. ದಪ್ಪ ದನಿಯದು ಖರ್ಜ, ಅದಕ್ಕಿಂತ ಒಂದು ಸಪ್ತಕ ಮೇಲಿನದು ನರ. ಗಾಳಿ ಹೋದಾಗ ಎರಡೂ ಕೂಡಿ ಒಂದೇ ದನಿಯಾಗುತ್ತದೆ. ಅಣ್ಣ ತಿರುಪುಗಳನ್ನು ಬಿಚ್ಚಿದ. ಖರ್ಜದ ಸ್ವರಗಳನ್ನೆಲ್ಲ ಒಂದೊಂದಾಗಿ ಕಿತ್ತು ಧೋತರದ ಮೇಲೆ ಇಟ್ಟ, ಅದರ ಜೊತೆ ಅಪ್ಪನ ಕಿಸೆ ಗಡಿಯಾರವನ್ನೂ ಇಟ್ಟ. ಅದು ಒಂದು ಪಾಲು. ಡಬ್ಬಿ, ತಿದಿ, ಅದರೊಳಗೆ ಉಳಿದ ನರದ ಸ್ವರಗಳು, ಇವು ಇನ್ನೊಂದು ಪಾಲು.

ಬುದ್ಧಿ ನೆಟ್ಟಗಿದ್ದವನು ಡಬ್ಬಿಯನ್ನು ಎತ್ತಿಕೊಳ್ಳುತ್ತಿದ್ದ. ನಾನು ಧೋತರದ ಗಂಟು ಕಟ್ಟಿಕೊಂಡೆ. ಖರ್ಜದ ದನಿಯೇ ಅಪ್ಪನ ದನಿ, ಡಬ್ಬಿಯನ್ನು ಯಾವ ಬಡಿಗನೂ ಮಾಡಿಕೊಡುತ್ತಾನೆ ಎಂದು ಪಂಚರ ಮುಂದೆ ದೊಡ್ಡದಾಗಿ ಹೇಳಿದೆ. ಖರೆ ಹೇಳಬೇಕೆಂದರೆ, ಅಣ್ಣನ ಪೇಟಿ ಬೋಳಾಗಲಿ ಎಂಬ ಆಸೆ ಅದಕ್ಕಿಂತ ದೊಡ್ಡದಿತ್ತು. ಪಂಚರು ಭಲೆ ನ್ಯಾಯವಾಯಿತೆಂದು ಎದ್ದರು, ಊಟ ಮಾಡಿ ಹೋದರು.

ಡಬ್ಬಿಯನ್ನು ಗಜೇಂದ್ರಗಡದ ಒಬ್ಬ ಬಡಿಗರಿಂದ ಮಾಡಿಸಿದೆ. ಮಗ್ಗ ಮಾಡುವ ಕೈ ಅವರದು, ಪೇಟಿ ಮಾಡಿದ್ದು ಅದೇ ಮೊದಲು. ಆದರೂ ಸಾಗವಾನಿಯಲ್ಲಿ ಗಾಳಿ ಹೊರಗೆ ಸೋರದಂತೆ ಚಲೋ ಮಾಡಿಕೊಟ್ಟರು. ಇನ್ನು ಬೇಕಾದದ್ದು ಅಪ್ಪನ ಖರ್ಜಕ್ಕೆ ಜೋಡಿಯಾಗುವ ನರದ ಸ್ವರಗಳು. ಗದಗಿನ ಅಂಗಡಿಯಿಂದ ಹೊಸವನ್ನು ತಂದು ಕೂರಿಸಿದೆ. ಒಂದೊಂದೇ ನುಡಿಸಿದರೆ ಎರಡೂ ಚಲೋ, ಕೂಡಿ ನುಡಿಸಿದರೆ ದನಿ ಅಂವ್ ಅಂವ್ ಎಂದು ತುಯ್ದಾಡುತ್ತಿತ್ತು. ಶ್ರುತಿ ಒಂದು ಕೂದಲೆಳೆ ತಪ್ಪಿದರೂ ಹಾಗಾಗುತ್ತದೆ. ನನ್ನ ಹೆಂಡತಿ ಒಳಗಿನಿಂದ, “ಜ್ವರ ಬಂದಂಗ ನಡಗತೈತಲ್ರಿ,” ಅಂದಳು. ಅವಳ ಮೇಲೆ ಸಿಟ್ಟಾದೆ. ಅವಳು ಹೇಳಿದ್ದು ನಿಜವಾಗಿತ್ತು.

ನರಗುಂದದಲ್ಲಿ ಪೇಟಿ ರಿಪೇರಿಯ ಒಬ್ಬ ಮುದುಕರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಮುಚ್ಚಿಹೋದ ನಾಟಕ ಕಂಪನಿಗಳ ಸತ್ತ ಪೇಟಿಗಳು ಅವರ ಪಡಸಾಲೆಯ ತುಂಬ. ನನ್ನ ಗಂಟು ಬಿಚ್ಚಿ, ಒಂದು ಸ್ವರವನ್ನು ತುಟಿಗೆ ಹಚ್ಚಿ ಊದಿ, ಕಣ್ಣು ಮುಚ್ಚಿ ಕೇಳಿದರು.

“ಇದು ಅರ್ಧಾ ಪೇಟಿ ಆತಲ್ಲ ತಮ್ಮಾ. ಉಳದರ್ಧಾ ಎಲ್ಲೈತಿ?”

“ಅಣ್ಣನ ಪಾಲಿಗೆ ಹೋತ್ರಿ.”

“ಮನಿ ಒಡದದ್ದು ನೋಡೇನಿ, ಹೊಲಾ ಒಡದದ್ದು ನೋಡೇನಿ. ದನಿ ಹಿಸೇ ಮಾಡಿದ್ದು ಇದ ಮೊದಲ ನೋಡಾಕತ್ತೇನಿ,” ಅಂದರು. “ಒಂದ ಮಾತ ಹೇಳತೀನಿ ಕೇಳ್ರಿ. ಅಣ್ಣಾನ್ನ ಕರಕೊಂಡ ಬರ್ರಿ. ಒಂದ ತಾಸಿನ್ಯಾಗ ಮೊದಲಿನಂಗ ಕೂಡಸಿ ಕೊಡತೀನಿ.”

“ಅದೊಂದ ಬಿಟ್ಟು ಬ್ಯಾರೆ ಏನರ ಹೇಳ್ರಿ ಚಾಚಾ.”

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮೂರು ಸತ್ತ ಪೇಟಿಗಳನ್ನು ಬಿಚ್ಚಿ, ಒಂದೊಂದು ಸ್ವರವನ್ನೂ ಉಗುರಿನಿಂದ ಮೀಟಿ, ಅಗಲ ನೋಡಿ, ಹಿತ್ತಾಳೆಯ ಬಣ್ಣ ನೋಡಿ, ಅಪ್ಪನ ಸ್ವರಗಳಷ್ಟೇ ಹಳೆಯವನ್ನು ಆರಿಸಿ ಕೊಟ್ಟರು. ನಾಲ್ಕು ಸಲ ಬಸ್ಸು ಹತ್ತಿ ಹೋಗಿ ಬಂದೆ. ಕೊನೆಗೆ ಎಲ್ಲವೂ ಡಬ್ಬಿಯಲ್ಲಿ ಕೂತವು, ಆದರೆ ಅವರು ಕೊಟ್ಟ ಸ್ವರಗಳು ಶ್ರುತಿಯಲ್ಲಿ ಅಪ್ಪನವಕ್ಕಿಂತ ಒಂದಿಷ್ಟು ಮೇಲಿದ್ದವು. ಶ್ರುತಿ ಕೂಡಿಸಲು ಪೇಟಿಯನ್ನು ಎರಡು ತಿಂಗಳು ತಮ್ಮ ಹತ್ತಿರ ಬಿಡಲು ಹೇಳಿದರು. ನಾನು ಒಲ್ಲೆ ಅಂದೆ. ಹಿಂದಿನ ಪಾಳಿ ಹಾಡಿಲ್ಲದೆ ಕಳೆದಿತ್ತು, ಬರುವ ಅಮಾವಾಸ್ಯೆಗೆ ಅವ್ವ ಮತ್ತೆ ನನ್ನ ಪಾಳಿಗೆ ಬರುವವಳಿದ್ದಳು. ಅಷ್ಟರೊಳಗೆ ಪೇಟಿ ನುಡಿಯಬೇಕು, ಅಣ್ಣನ ಮನೆಯಲ್ಲಿ ಇಲ್ಲದ ಹಾಡು ನನ್ನ ಮನೆಯಲ್ಲಿ ಕೇಳಬೇಕು.

ಚಾಚಾ ಹಿತ್ತಾಳೆ ಉಜ್ಜುವ ಸಣ್ಣ ಅರ ಒಂದನ್ನು ಕೈಗೆ ಕೊಟ್ಟು ಕೆಲಸ ತೋರಿಸಿದರು. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. “ನಾ ಕೊಟ್ಟದ್ದರ ಬುಡಾ ಕೆರದು ಇಳಸ್ರಿ. ದಿನಕ್ಕ ಒಂದೀಟ, ಲಗೂ ಮಾಡಬ್ಯಾಡ್ರಿ. ನಿಮ್ಮಪ್ಪಂದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. ಕೆರದದ್ದನ್ನ ಮತ್ತ ಅಂಟಸಾಕ ಬರೂದಿಲ್ಲ.”

ಮನೆಗೆ ಬಂದು ಅವರು ಹೇಳಿದಂತೆಯೇ ಶುರು ಮಾಡಿದೆ. ಮೂರನೆಯ ದಿನ ಒಂದು ಸ್ವರ ಬುಡದಲ್ಲಿ ಟಕ್ಕೆಂದು ಮುರಿಯಿತು. ಮತ್ತೆ ನರಗುಂದಕ್ಕೆ ಹೋಗಿ ಚಾಚಾನ ಎದುರು ನಿಲ್ಲಬೇಕಲ್ಲ ಎಂದು ಮೈ ಉರಿಯಿತು. ಹೋದೆ, ಮತ್ತೊಂದು ತಂದೆ. ಅಮಾವಾಸ್ಯೆಗೆ ಎರಡು ದಿನ ಉಳಿದಿದ್ದಾಗ ಒಂದು ಮಧ್ಯಾಹ್ನ ಅಪ್ಪನ ಷಡ್ಜವನ್ನು ಹೊರಗೆ ತೆಗೆದು ತುದಿಯಲ್ಲಿ ಎರಡು ಸಲ ಅರ ಆಡಿಸಿದೆ. ಹಳೆಯ ಹಿತ್ತಾಳೆ, ಬೆಣ್ಣೆಯಂತೆ ಬಂತು. ತಿರುಗಿ ಕೂರಿಸಿ ಒತ್ತಿದರೆ ದನಿ ತುಯ್ದಾಡಲೇ ಇಲ್ಲ, ಎರಡೂ ಒಂದಾಗಿ ನಿಂತುಬಿಟ್ಟವು. ಅಷ್ಟು ಸುಲಭವಿದೆ ಎಂದು ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ದನಗಳು ಹೊಲದಿಂದ ಬರುವಷ್ಟರಲ್ಲಿ ಅಪ್ಪನ ಸ್ವರಗಳನ್ನೆಲ್ಲ ಕೆರೆದು ಮೇಲೇರಿಸಿ ಮುಗಿಸಿದ್ದೆ. ಚಾಪೆಯ ಮೇಲೆ ಹಿತ್ತಾಳೆಯ ಪುಡಿ ಬಿದ್ದಿತ್ತು. ಹೆಂಡತಿ ಕಸದ ಜೊತೆ ಗುಡಿಸಿದಳು.

ಅವ್ವ ಬಂದಳು. ದೀಪ ಹಚ್ಚಿದ ಮೇಲೆ ಪೇಟಿಯ ಮುಂದೆ ಕೂರಿಸಿದೆ. ಹೊಸ ಡಬ್ಬಿಯನ್ನು ಸವರಿ ನೋಡಿದಳು. ಷಡ್ಜ ಹಿಡಿದೆ. ಖರ್ಜ ಕೇಳುತ್ತಲೇ ಅವಳ ಮುಖ ಅರಳಿತು, ಅಷ್ಟು ನಾನು ಕಣ್ಣಾರೆ ಕಂಡೆ. ಹಾಡು ಎತ್ತಿದಳು. ಮೊದಲ ಸಾಲು ಮುಗಿಯುವ ಮುಂಚೆ ನಿಲ್ಲಿಸಿದಳು.

“ಮ್ಯಾಲಾತೋ ಯಪ್ಪಾ. ಒಂದೀಟ ಇಳಸು.”

ಒಂದು ಪಟ್ಟಿ ಕೆಳಗೆ ಹೋದೆ. “ಈಗ ಕೆಳಗಾತು,” ಅಂದಳು. ಮತ್ತೆ ಮೇಲೆ ಹೋದೆ, ಮತ್ತೆ ಕೆಳಗೆ ಬಂದೆ. ಅವಳು ಪ್ರತಿ ಸಲ ಎತ್ತಿಕೊಂಡಳು, ಪ್ರತಿ ಸಲ ಪೇಟಿಯಿಂದ ಸರಿದು ಹೋದಳು. ನಾಲ್ಕು ತಿಂಗಳು ನಾನು ಬಸ್ಸು ಹತ್ತಿ ಇಳಿದದ್ದೆಲ್ಲ ಇದಕ್ಕೇ ಏನು ಎಂದು ನನಗೆ ರೇಗಿತು.

“ಪೇಟಿ ನೆಟ್ಟಗೈತಿ ಬೇ. ನಿನಗ ವಯಸ್ಸಾತು. ಕೊರಳ ಹೋಗೇತಿ.”

ಅವ್ವ ಪೇಟಿಯಿಂದ ಹಿಂದೆ ಸರಿದು ಕುಳಿತಳು. “ಹೌದಿರಬೇಕು,” ಅಂದಳು. “ನಿಮ್ಮಣ್ಣನೂ ಹೋದ ತಿಂಗಳ ಇದನ್ನ ಅಂದ.”

ಅಣ್ಣನೂ ತನ್ನ ಅರ್ಧ ಪೇಟಿಗೆ ಎಲ್ಲಿಂದಲೋ ಖರ್ಜ ತಂದು ಹಾಕಿಸಿದ್ದಾನೆಂದು ಆಗ ಗೊತ್ತಾಯಿತು. ಅವ್ವನ ಮಾತು ಕೇಳಿ ನನಗೆ ಸಮಾಧಾನವೇ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಇಬ್ಬರೂ ಅಂದ ಮೇಲೆ ಕೊರಳು ಹೋದದ್ದು ಖರೆಯೇ, ತಪ್ಪು ನನ್ನ ಪೇಟಿಯದಲ್ಲ. ಅವ್ವ ಮತ್ತೆ ಹಾಡಲಿಲ್ಲ. ಎರಡು ವರ್ಷ ತಿಂಗಳಿಗೊಮ್ಮೆ ಗಂಟು ಹಿಡಿದು ರೋಣದ ಬಸ್ಸು ಹತ್ತಿದಳು, ಇಳಿದಳು. ಸಂಜೆ ನಾನು ಪೇಟಿ ತೆಗೆದರೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದಳು.

ತೀರಿಕೊಂಡದ್ದು ನನ್ನ ಪಾಳಿಯಲ್ಲಿ, ಒಂದು ಬೆಳಿಗ್ಗೆ. ಅದನ್ನೂ ನಾನು ಗೆಲುವೆಂದೇ ಲೆಕ್ಕ ಹಿಡಿದೆ. ಇಂಥ ಬಾಳು ಬಾಳಿದವನು ನಾನು.

ನಮ್ಮ ರೂಢಿಯಂತೆ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚಿದೆವು, ಮುಂದೆ ಭಜನೆಯವರು ಕುಳಿತರು. ನಾನು ಪೇಟಿ ತಂದಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದ, ಹೆಗಲ ಮೇಲೆ ಅಪ್ಪನ ಡಬ್ಬಿ. ನನ್ನ ಮುಖ ನೋಡದೆ ಅವ್ವನ ಇನ್ನೊಂದು ಮಗ್ಗುಲಿಗೆ ಕುಳಿತು ತಿದಿ ಬಿಚ್ಚಿದ. ಆ ಎರಡು ಪೇಟಿ ಒಂದೇ ಸೂರಿನ ಕೆಳಗೆ ಬಂದದ್ದು ಆವತ್ತೇ.

ನಾನು ಷಡ್ಜ ಹಿಡಿದೆ. ಅವನೂ ಹಿಡಿದ. ಕುಳಿತವರ ಮೈ ಜುಮ್ಮೆಂದಿತು. ನನ್ನದು ಮೇಲೆ, ಅವನದು ಕೆಳಗೆ. ಅವನು ತಂದ ಖರ್ಜದ ಶ್ರುತಿ ಇಳಿದಿತ್ತಂತೆ, ಅದಕ್ಕೆ ಕೂಡಲೆಂದು ಅಪ್ಪನ ನರದ ಸ್ವರಗಳ ಬುಡವನ್ನು ಅವನೂ ಕೆರೆದಿದ್ದ. ಇದನ್ನು ಆಮೇಲೆ ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳು. ಆಗ ನನಗೆ ಗೊತ್ತಾದದ್ದು ಇಷ್ಟೇ, ಎರಡರಲ್ಲಿ ಒಂದು ನಿಲ್ಲಬೇಕು.

“ಒಂದ ನಿಂದರಸ್ರೆಪಾ,” ಅಂದರು ಯಾರೋ.

ನಾನು ನಿಲ್ಲಿಸಲಿಲ್ಲ. ಅವನೂ ನಿಲ್ಲಿಸಲಿಲ್ಲ. ಅವ್ವನ ಎರಡು ಕಿವಿಯ ಹತ್ತಿರ ಎರಡು ಷಡ್ಜಗಳನ್ನು ಒತ್ತಿ ಹಿಡಿದು ಇಬ್ಬರೂ ಕುಳಿತೆವು. ಕೊನೆಗೆ ತಾಳ ಹಿಡಿದಿದ್ದ ಮುದುಕರು, ಅಪ್ಪನ ಪೇಟಿಯ ಮಗ್ಗುಲಿಗೆ ಅರ್ಧ ಆಯುಷ್ಯ ಕಳೆದವರು, ತಾಳವನ್ನು ನೆಲಕ್ಕಿಟ್ಟರು. “ಇಬ್ರೂ ಕೈ ತಗೀರಿ,” ಅಂದರು. ಆ ದನಿಗೆ ಇಬ್ಬರ ಕೈಯೂ ನಿಂತಿತು.

ಅವರು ಪೇಟಿಯಿಲ್ಲದೆ ಸೋಮವಾರದ ಭಜನೆಯ ಹಾಡು ಎತ್ತಿದರು, ಅವ್ವ ಸಂಜೆಗೆ ಹಾಡುತ್ತಿದ್ದದ್ದೂ ಅದನ್ನೇ. ಜೊತೆ ಕೊಡಬೇಕೆಂದು ನಾನು ಮೆಲ್ಲಗೆ ಒಂದು ಪಟ್ಟಿ ಒತ್ತಿದೆ, ಅವರ ದನಿ ಅದಕ್ಕಿಂತ ಕೆಳಗಿತ್ತು. ಅದರ ಕೆಳಗಿನ ಪಟ್ಟಿ ಒತ್ತಿದೆ, ಅವರ ದನಿ ಮೇಲಿತ್ತು. ಆ ಕಡೆ ಅಣ್ಣನ ಬೆರಳೂ ಹಾಗೆಯೇ ಮೇಲೆ ಕೆಳಗೆ ಹುಡುಕುತ್ತಿತ್ತು. ಅವರು ಹಿಡಿದದ್ದು ಅಪ್ಪನ ಷಡ್ಜ. ಅದು ಇಬ್ಬರ ಪೇಟಿಯಲ್ಲೂ ಇರಲಿಲ್ಲ.

ಅವ್ವನ ಕೊರಳು ಹೋಗಿರಲಿಲ್ಲ.